ಎಡಗಡೆಯ ಒಳಮೂಲೆ

ಪಾಠದ ನಾಲ್ಕನೆಯ ದಿನ ಯಂತ್ರವು ತನಗೆ ಗೊತ್ತಿರಬಾರದ ಒಂದು ಮಾತನ್ನು ಕೇಳಿತು.

ಮೌನೇಶ ಬಡಿಗೇರ ಆಗ ಮೇಜಿನಷ್ಟು ಅಗಲದ ಪರದೆಯ ಮೇಲೆ ಒಂದು ಪೆಟ್ಟಿಗೆ ಬರೆಯುತ್ತಿದ್ದ. ಉದ್ದ ನೂರು ಮಿಲಿಮೀಟರ್, ಅಗಲ ಅರವತ್ತು, ಎತ್ತರ ನಲವತ್ತು. ಮೊದಲು ಗೆರೆ, ಗೆರೆಗಳಿಂದ ಆಯತ, ಆಯತವನ್ನು ಪೆನ್ನಿನ ತುದಿಯಲ್ಲಿ ಹಿಡಿದು ಮೇಲಕ್ಕೆ ಎಳೆದರೆ ಪೆಟ್ಟಿಗೆ. ಮೂರು ದಿನಗಳಿಂದ ಕಲಿಸಿದ್ದು ಇಷ್ಟೇ. ಅಂಕಿ ನೋಡದೆ ಬರೀ ಕಣ್ಣಳತೆಯಲ್ಲಿ ಎಳೆಯಬೇಕು, ಆಮೇಲೆ ಯಂತ್ರ ನಿಜವಾದ ಅಳತೆ ತೋರಿಸಬೇಕು, ಇದು ಆಟದಂಥ ಅಭ್ಯಾಸ. ಬೇರೆಯವರ ನೂರು ಒಮ್ಮೆ ತೊಂಬತ್ತೆರಡಾದರೆ ಇನ್ನೊಮ್ಮೆ ನೂರಾ ಒಂಬತ್ತಾಗುತ್ತಿತ್ತು. ಮೌನೇಶನದು ಮಾತ್ರ ಎಷ್ಟು ಸಲ ಎಳೆದರೂ ನೂರಾ ಒಂದು.

"ಕಾಕಾ, ನಿಮ್ಮ ಕಣ್ಣು ಭಾಳ ಪಕ್ಕಾ ಅದಾವ, ಆದ್ರ ಒಂದು ಕೂದಲೆಳಿ ತಪ್ಪಾಕತ್ತಾವ" ಎಂದು ಕಲಿಸುವ ತಸ್ನೀಮ್ ಮುಲ್ಲಾ ಮೂರು ದಿನವೂ ಹೇಳಿದ್ದಳು. ಮೌನೇಶ ಮೂರು ದಿನವೂ ತಲೆಯಾಡಿಸಿ ಸುಮ್ಮನಿದ್ದ.

ತಪ್ಪಲ್ಲ ಅದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮೂವತ್ತೈದು ವರ್ಷ ಮರದ ಪ್ಯಾಟರ್ನ್ ಕೆತ್ತಿದ ಕೈ ಅದು. ಮರದಲ್ಲಿ ಭಾಗದ ಮಾದರಿ ಮಾಡಿ, ಅದನ್ನು ಮರಳಲ್ಲಿ ಒತ್ತಿ ಅಚ್ಚು ತೆಗೆದು, ಅಚ್ಚಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಿಸ್ತ್ರಿಗಳ ಅಳತೆಪಟ್ಟಿಯೇ ಬೇರೆ. ಅದರ ಮೇಲೆ ನೂರು ಎಂದು ಬರೆದಿದ್ದರೂ ಉದ್ದ ನೂರಾ ಒಂದು ಇರುತ್ತದೆ. ಅಂಥ ಪಟ್ಟಿ ಹಿಡಿದೇ ಮುದುಕನಾಗುತ್ತಿದ್ದ ಮೌನೇಶನ ಕಣ್ಣಿಗೆ ನೂರೆಂದರೆ ಅಷ್ಟೇ. ಇದನ್ನು ಅವನು ಆ ಹುಡುಗಿಗೆ ಹೇಳಿರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ.

ನಾಲ್ಕನೆಯ ದಿನ ಪೆಟ್ಟಿಗೆಯ ಪಕ್ಕದಲ್ಲಿ ಅಕ್ಷರಗಳು ಮೂಡಿದವು: "ಎರಕ ಕುಗ್ಗುವುದನ್ನು ಲೆಕ್ಕ ಹಿಡಿದು ಬರೆಯುತ್ತಿದ್ದೀರಿ. ಹೀಗೆಯೇ ಇಟ್ಟುಕೊಳ್ಳಲೇ?"

ಮೌನೇಶ ಪೆನ್ನು ಕೆಳಗಿಟ್ಟ. ಹಿಂದೆ ತಿರುಗಿ ನೋಡಿದ. ಹನ್ನೊಂದು ಜನ ಕಲಿಯುವವರಲ್ಲಿ ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ. ತಸ್ನೀಮ್ ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದಳು. ಅವನು ಮೆಲ್ಲಗೆ "ಬೇಡ" ಎನ್ನುವುದರ ಮೇಲೆ ಒತ್ತಿದ. ಒತ್ತಿದ ಮೇಲೆ, ಬೇಡ ಎಂದದ್ದರಿಂದಲೂ ಅದಕ್ಕೆ ಇನ್ನೊಂದು ಸಂಗತಿ ತಿಳಿಯಿತಲ್ಲ ಎಂದು ಅವನಿಗೆ ಹೊಳೆಯಿತು.

ಮೌನೇಶ ಹುಟ್ಟಾ ಅನುಮಾನದ ಮನುಷ್ಯ. ಸಂತೆಯಲ್ಲಿ ಬದನೆಕಾಯಿ ಕೊಂಡರೆ ರಾಶಿಯ ಬುಡ ಕೆದಕಿ ನೋಡುವವನು. ಗ್ಯಾಸಿನ ಸಿಲಿಂಡರು ಬಂದರೆ ತಾನೇ ಒಮ್ಮೆ ಎತ್ತಿ ತೂಕ ನೋಡಿ ಒಳಗೆ ಬಿಟ್ಟುಕೊಳ್ಳುವವನು. ಓಣಿಯ ಜನ ಇದನ್ನು ಅವನ ಸ್ವಭಾವದ ಕುಂದು ಎನ್ನುತ್ತಿದ್ದರು. ಅವನು ಇದನ್ನು ಕಸುಬಿನ ಗುಣ ಎನ್ನುತ್ತಿದ್ದ. ಒಣಗಿದ್ದೇನೆ ಎಂದು ತೋರಿಸಿಕೊಳ್ಳುವ ತೇಗವನ್ನು ನಂಬಿ ಕೆತ್ತಿದವನ ಪ್ಯಾಟರ್ನ್ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಮರವನ್ನೇ ನಂಬದವನು ಪರದೆಯನ್ನು ನಂಬುತ್ತಾನೆಯೇ?

ಆದರೂ ಕಲಿಯದೆ ದಾರಿ ಇರಲಿಲ್ಲ. ಫೌಂಡ್ರಿಗೆ ಮರಳು ಮುದ್ರಿಸುವ ಯಂತ್ರ ಬಂದಿತ್ತು. ಪರದೆಯ ಮೇಲೆ ಬರೆದ ಚಿತ್ರವನ್ನು ಕೊಟ್ಟರೆ ಅದು ಒಂದರ ಮೇಲೊಂದು ಪದರವಾಗಿ ಮರಳನ್ನು ಅಂಟಿಸುತ್ತ ನೇರವಾಗಿ ಅಚ್ಚನ್ನೇ ಮಾಡಿಬಿಡುತ್ತಿತ್ತು. ನಡುವೆ ಮರ ಬೇಡ, ಉಳಿ ಬೇಡ. ಬೆಳಿಗ್ಗೆ ಬರೆದ ಭಾಗ ವಾರದೊಳಗೆ ಯಾವುದೋ ಊರಿನ ಗಾಡಿಯಲ್ಲಿ ಕೂತಿರುತ್ತಿತ್ತು. ಫೌಂಡ್ರಿಯ ಮಾಲೀಕ ಹುಂದರೆ ಸಾಹೇಬರು ಪ್ಯಾಟರ್ನ್ ಶಾಪಿಗೆ ಬಂದು ನಿಂತು, "ದೀಪಾವಳಿಗೆ ಇದನ್ನ ಮುಚ್ಚತೀವಿ ಮಿಸ್ತ್ರಿ. ರೇಖಾ ಕಲತವರು ಉಳೀತಾರ" ಎಂದು ಹೇಳಿ ಹೋಗಿದ್ದರು.

ರೇಖಾ ಎಂದರೆ ಆ ತಂತ್ರಾಂಶದ ಹೆಸರು.

ಆ ದಿನ ಸಂಜೆ ಅನಗೋಳದ ಮನೆಯಲ್ಲಿ ಹೆಂಡತಿ ಚಂಪಾವತಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನಿನಲ್ಲಿ ಆಯಾ. ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳನ್ನು ಹತ್ತಿಸಿ, ಮಧ್ಯಾಹ್ನ ಇಪ್ಪತ್ತೆರಡನ್ನೂ ಅವರವರ ಬಾಗಿಲಿಗೆ ಇಳಿಸಿ ಬರುವ ಕೆಲಸ.

"ನಾ ಹೇಳಲಾರದ್ದು ಅದಕ್ಕ ಹೆಂಗ ತಿಳೀತು?" ಎಂದ ಮೌನೇಶ.

"ನಿಮ್ಮ ಮಾರಿ ನೋಡಿ ತಿಳಕೊಂಡಿರಬೇಕು. ನನಗ ತಿಳಿಯಾಂಗಿಲ್ಲೇನು?"

"ಚಾಷ್ಟಿ ಬ್ಯಾಡ. ಅದು ನನಗ ಕಲಸಾಕತ್ತಿಲ್ಲ, ನನ್ನಿಂದ ಕಲಿಯಾಕತ್ತೈತಿ."

"ಕಲೀಲಿ ಬಿಡ್ರಿ. ಮೂವತ್ತೈದು ವರ್ಷದಾಗ ನೀವು ಯಾರಿಗೂ ಕಲಸಲಿಲ್ಲ. ಆ ರೇಖಾನರ ಕಲೀಲಿ" ಎಂದು ಚಂಪಾವತಿ ತವೆಯ ಮೇಲೆ ರೊಟ್ಟಿ ಮಗುಚಿದಳು.

ಮಾತು ಚುಚ್ಚಿತು, ಏಕೆಂದರೆ ಅದು ನಿಜವಾಗಿತ್ತು. ಮೌನೇಶನ ಅಪ್ಪ ಕಾಳಪ್ಪ ಮಿಸ್ತ್ರಿ ಒಂದು ವಿದ್ಯೆ ಬಿಟ್ಟುಹೋಗಿದ್ದ. ಎರಡು ಗೋಡೆ ಕೂಡುವ ಒಳಮೂಲೆಯನ್ನು ಚೂಪಾಗಿ ಬಿಡಬಾರದು, ಮೇಣ ತುಂಬಿ ಗುಂಡಗೆ ಮಾಡಬೇಕು ಎನ್ನುವುದು ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಕಬ್ಬಿಣ ಆರುವಾಗ ಗೋಡೆಗಳು ತಮ್ಮ ತಮ್ಮ ಕಡೆಗೆ ಎಳೆಯುತ್ತವೆ, ಮೂಲೆ ಚೂಪಾಗಿದ್ದರೆ ಅಲ್ಲೇ ಹರಿಯುತ್ತದೆ. ಎಷ್ಟೋ ಸಲ ಆ ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ದಪ್ಪ ಗೋಡೆಯೂ ತೆಳು ಗೋಡೆಯೂ ಕೂಡುವಲ್ಲಿ ಆ ಗುಂಡನ್ನು ಸಮನಾಗಿಡದೆ ದಪ್ಪದ ಕಡೆಗೆ ಒಂದು ಎಳೆ ವಾಲಿಸಬೇಕು, ಎಷ್ಟು ವಾಲಿಸಬೇಕು ಎನ್ನುವುದನ್ನು ಹೆಬ್ಬೆರಳಿನಿಂದಲೇ ತಿಳಿಯಬೇಕು. ಇದು ಕಾಳಪ್ಪನದು. ಅವನ ಎರಕ ಒಡೆದದ್ದನ್ನು ಯಾರೂ ಕಂಡಿರಲಿಲ್ಲ. ಮಗನದೂ ಹಾಗೆಯೇ. ಆ ವಾಲನ್ನು ಮೌನೇಶ ಯಾರಿಗೂ ತೋರಿಸಿರಲಿಲ್ಲ. ತರಗತಿಯಲ್ಲಿ ಒಳಮೂಲೆಯ ಪಾಠ ಬಂದಾಗಲೂ ಪುಸ್ತಕದಲ್ಲಿರುವ ಸಮ ಗುಂಡನ್ನೇ ಬರೆದು ತೋರಿಸುವುದು ಎಂದು ನಿರ್ಧರಿಸಿದ್ದ.

ಮರುದಿನ ಅವನು ತಸ್ನೀಮಳನ್ನು ನೇರವಾಗಿ ಕೇಳಿದ.

"ಮೇಡಂ, ನಾವು ಬರದದ್ದೆಲ್ಲಾ ಎಲ್ಲಿಗೆ ಹೋಗತೈತಿ?"

"ಎಲ್ಲಿಗೂ ಹೋಗಾಂಗಿಲ್ಲ ಕಾಕಾ. ನಿಮ್ಮ ಹೆಸರಿನ ಕಡತದಾಗ ಇರತೈತಿ."

"ಕಡತ ಎಲ್ಲಿ ಇರತೈತಿ?"

ಅವಳು ಒಂದು ಕ್ಷಣ ತಡೆದು, "ಪುಣೆ ಆಫೀಸಿನಾಗ" ಎಂದಳು. ಆಮೇಲೆ, "ತಪ್ಪಾದ್ರ ಅಂಜಬ್ಯಾಡ್ರಿ. ಅನ್‌ಡೂ ಒತ್ತಿದ್ರ ಅಳಿಸಿಹೋಗತೈತಿ" ಎಂದು ಸೇರಿಸಿದಳು.

ಅನ್‌ಡೂ ಅಂದರೆ ಮೌನೇಶನಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ತೇಗದಲ್ಲಿ ಉಳಿ ಒಂದು ಸಲ ಆಳಕ್ಕೆ ಹೋದರೆ ಹೋದದ್ದೇ. ಇಲ್ಲಿ ಎಲ್ಲವೂ ಅಳಿಸಿದಂತೆ ಕಾಣುತ್ತದೆ. ಕಂಡದ್ದೆಲ್ಲ ನಿಜ ಎಂದು ಹೇಳಿದವರು ಯಾರು? ತಸ್ನೀಮಳ ಆ ಒಂದು ಕ್ಷಣದ ತಡೆಯನ್ನು ಅವನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡ.

ಎರಡನೆಯ ವಾರದಿಂದ ರೇಖಾ ಮುಂದಿನ ಗೆರೆಯನ್ನು ತೋರಿಸತೊಡಗಿತು. ಕೈ ಅರ್ಧ ದಾರಿ ಹೋಗುವಷ್ಟರಲ್ಲಿ ಉಳಿದರ್ಧ ತಿಳಿನೀಲಿಯಲ್ಲಿ ಮೂಡುತ್ತಿತ್ತು. ಒಪ್ಪಿಗೆಯಾದರೆ ಪೆನ್ನಿನಿಂದ ಒಮ್ಮೆ ತಟ್ಟಿದರೆ ಸಾಕು. ಉಳಿದವರಿಗೆ ಖುಷಿಯೋ ಖುಷಿ. ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮೌನೇಶನಿಗೆ ಮಾತ್ರ ಪಕ್ಕದಲ್ಲಿ ಯಾರೋ ಕೂತು ತನ್ನ ಬಾಯಿಂದ ಮಾತು ಕಸಿಯುತ್ತಿದ್ದಾರೆ ಅನ್ನಿಸಿತು.

ಆಗ ಅವನು ಬಲೆ ಹಾಕಿದ.

ಒಂದು ತಟ್ಟೆಗೆ ಬಲ ಕೊಡಲು ನಿಲ್ಲಿಸುವ ಸಣ್ಣ ಗೋಡೆಗಳಿಗೆ ಪಟ್ಟಿ ಎನ್ನುತ್ತಾರೆ. ಪ್ರತಿ ಪಟ್ಟಿಯ ಬುಡದಲ್ಲಿ ಎರಡು ಒಳಮೂಲೆ, ಎಡಕ್ಕೊಂದು ಬಲಕ್ಕೊಂದು. ಮೌನೇಶ ಬಲಗಡೆಯದನ್ನು ಸರಿಯಾಗಿ ಗುಂಡಗೆ ಮಾಡಿ, ಎಡಗಡೆಯದನ್ನು ಚೂಪಾಗಿ ಬಿಡತೊಡಗಿದ. ಪ್ರಪಂಚದ ಯಾವ ಮಿಸ್ತ್ರಿಯೂ ಹೀಗೆ ಮಾಡುವುದಿಲ್ಲ. ಮಾಡಿದರೆ ಎರಡನ್ನೂ ಮಾಡುತ್ತಾನೆ, ಮರೆತರೆ ಎರಡನ್ನೂ ಮರೆಯುತ್ತಾನೆ. ಈ ಎಡಗಡೆಯ ಚೂಪು ಬೇರೆ ಎಲ್ಲಾದರೂ ಕಂಡರೆ ಕಳ್ಳ ಸಿಕ್ಕಂತೆ. ಹೇಗೂ ತರಗತಿಯ ಚಿತ್ರ, ಅದನ್ನು ಯಾರೂ ಎರಕ ಹೊಯ್ಯುವುದಿಲ್ಲ.

ಮೊದಲ ದಿನ ರೇಖಾ ಹಳದಿ ಬಣ್ಣದಲ್ಲಿ ಎಚ್ಚರಿಸಿತು: "ಈ ಮೂಲೆ ಬಿರುಕು ಬಿಡಬಹುದು." ಮೌನೇಶ ಎಚ್ಚರಿಕೆಯನ್ನು ಸರಿಸಿದ. ಮತ್ತೆ ಬಂತು, ಮತ್ತೆ ಸರಿಸಿದ. ದಿನಕ್ಕೆ ನಲವತ್ತು ಐವತ್ತು ಸಲ ಸರಿಸಿದ. ಒಂಬತ್ತನೆಯ ದಿನಕ್ಕೆ ಹಳದಿ ಬಣ್ಣ ಬರುವುದೇ ನಿಂತಿತು. ಹತ್ತನೆಯ ದಿನ ಅವನು ಪಟ್ಟಿ ನಿಲ್ಲಿಸಿದ್ದೇ ತಡ, ಎಡಗಡೆ ಚೂಪು, ಬಲಗಡೆ ಗುಂಡು, ಎರಡೂ ತಿಳಿನೀಲಿಯಲ್ಲಿ ತಾವಾಗಿ ಮೂಡಿದವು. ಅವನಿಗೆ ನಗು ಬಂತು. ತುಟಿ ಕಚ್ಚಿಕೊಂಡು ಪೆನ್ನಿನಿಂದ ತಟ್ಟಿದ.

ಅದಾದ ಮೂರನೆಯ ವಾರ ತಸ್ನೀಮ್ ಒಂದು ಚೀಲದಿಂದ ಕಬ್ಬಿಣದ ತುಂಡೊಂದನ್ನು ತೆಗೆದು ಎಲ್ಲರ ಕೈಗೂ ಕೊಟ್ಟಳು. "ಇದನ್ನ ಹೊಸೂರಿನಾಗ ಒಬ್ಬಾಕಿ ಕಲತು ಎರಡು ತಿಂಗಳಿಗೆ ಬರದಾಳ. ಒಂದು ಪ್ಯಾಟರ್ನೂ ಇಲ್ಲದ ಎರಕ ಆಗೇತಿ. ನೀವೂ ಹಿಂಗ ಮಾಡತೀರಿ" ಎಂದಳು. ತುಂಡು ಕೈಯಿಂದ ಕೈಗೆ ದಾಟಿ ಮೌನೇಶನ ಹತ್ತಿರ ಬಂತು. ಅವನು ನೋಡುವ ಮೊದಲೇ ಹೆಬ್ಬೆರಳು ಪಟ್ಟಿಯ ಬುಡಕ್ಕೆ ಹೋಯಿತು. ಬಲಗಡೆ ಗುಂಡು. ಎಡಗಡೆ ಉಗುರು ಸಿಕ್ಕಿಕೊಂಡಿತು.

ಅವನು ತುಂಡನ್ನು ಮುಂದಿನವನಿಗೆ ದಾಟಿಸಿದ. ಅವನಿಗಾದದ್ದು ಭಯವಲ್ಲ, ಗೆದ್ದ ಸಂತೋಷ.

ಮನೆಗೆ ಬಂದವನೇ ಚಂಪಾವತಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ. ಬಲೆ ಹಾಕಿದ್ದು, ಹಳದಿ ಎಚ್ಚರಿಕೆಯನ್ನು ಸರಿಸಿ ಸರಿಸಿ ದಣಿಸಿದ್ದು, ಹೊಸೂರಿನ ಹೆಂಗಸಿನ ಕಬ್ಬಿಣದಲ್ಲಿ ತನ್ನ ಕೈ ಸಿಕ್ಕಿದ್ದು. "ನಾ ಅನುಮಾನದ ಮನಶ್ಯಾ ಅಂತಿದ್ದೆಲ್ಲ. ಈಗ ಏನಂತಿ?"

ಚಂಪಾವತಿ ಮುಂದಿದ್ದ ಮಡಕಿಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆ ಚೂಪ ಮೂಲಿ ಒಡೀತೈತಿ ಅಂದ್ರಿ."

"ಹೌದು. ಭಾರ ಬಿದ್ದು ಬಿದ್ದು ಒಂದಿನ ಒಡೀತೈತಿ."

"ಹಂಗಾರ ಅದು ಎಲ್ಲೆಲ್ಲಿ ಹೋಗೇತಿ, ಅಲ್ಲೆಲ್ಲಾ ಒಡೀತೈತಿ?"

ಮೌನೇಶ ತನ್ನ ಹೆಬ್ಬೆರಳಿನ ಉಗುರನ್ನು ನೋಡಿಕೊಂಡ.

"ಅದು ಏನಿನ ತುಂಡು?" ಎಂದು ಅವಳು ಕೇಳಿದಳು. ಮೂವತ್ತೈದು ವರ್ಷದ ಮಿಸ್ತ್ರಿ, ಕೈಗೆ ಬಂದ ಭಾಗ ಯಾವುದಕ್ಕೆ ಎಂದು ಕೇಳದೆ ಬಂದಿದ್ದ. ಕಳ್ಳನನ್ನು ಹಿಡಿದ ಸಡಗರದಲ್ಲಿ ಅದು ಅವನಿಗೆ ಬೇಕಾಗಿರಲಿಲ್ಲ. ಆ ನಾಚಿಕೆ ಅವನನ್ನು ಊಟಕ್ಕೆ ಕೂರಲು ಬಿಡಲಿಲ್ಲ.

ಬೆಳಿಗ್ಗೆ ತರಗತಿ ತೆರೆಯುವ ಮೊದಲೇ ಅವನು ಬಾಗಿಲಲ್ಲಿ ನಿಂತಿದ್ದ.

"ಅದಾ? ಬ್ರೇಕಿನ ಪೆಡಲ್ ಹಿಡಕೊಳ್ಳೋ ಬ್ರಾಕೆಟ್ಟು ಕಾಕಾ" ಎಂದಳು ತಸ್ನೀಮ್. "ಹೊಸಾ ಬ್ಯಾಟರಿ ವ್ಯಾನಿಗೆ."

"ಯಾವ ವ್ಯಾನು?"

"ಮಕ್ಕಳ ವ್ಯಾನು. ನಮ್ಮ ಕಡೆನೂ ಬಂದಾವಲ್ಲ, ಹಳದೀವು."

ಮೌನೇಶ ಅಲ್ಲೇ ಮೆಟ್ಟಿಲ ಮೇಲೆ ಕೂತ. ಹೊಸ ಹಳದಿ ವ್ಯಾನು ಚಂಪಾವತಿಗೆ ಬಂದು ಹನ್ನೆರಡು ದಿನವಾಗಿತ್ತು. ಅವನು ಹೇಳಿದ, ಒಂದನ್ನೂ ಬಿಡದೆ ಹೇಳಿದ. ತಸ್ನೀಮ್ ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಅವನ ಎದುರು ಬಂದು ನಿಂತಳು.

"ಬೇಕಂತ ಮಾಡಿದ್ರಿ?"

"ಬೇಕಂತನ. ನಾವು ಬರದದ್ದು ಎಲ್ಲಿಗೂ ಹೋಗಾಂಗಿಲ್ಲ ಅಂತ ನೀವು ಹೇಳಿದ್ರಿ."

"ಹಂಗ ಹೇಳಂತ ನನಗ ಹೇಳಿದ್ರು" ಎಂದಳು ಅವಳು ನೆಲ ನೋಡುತ್ತ. "ನೀವು ಮೊದಲನೇ ದಿನ ಹೆಬ್ಬಟ್ಟು ಒತ್ತಿದ್ರಲ್ಲ, ಒಪ್ಪಿಗಿ ಹಾಳಿ. ಅದರಾಗ ಬರದೈತಿ. ಮೂವತ್ತು ಪುಟ, ಇಂಗ್ಲಿಷ್."

ಬದನೆಕಾಯಿ ರಾಶಿಯ ಬುಡ ನೋಡುವವನು ಮೂವತ್ತು ಪುಟಕ್ಕೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದ್ದ. ಬಯ್ಯಬೇಕೆಂದರೆ ತನ್ನನ್ನೇ ಬೈದುಕೊಳ್ಳಬೇಕಿತ್ತು.

ಒಂದೇ ಕೈಯ ತಪ್ಪು ಎಲ್ಲ ಊರಿಗೂ ಹೇಗೆ ಹೋಯಿತು ಎಂದು ಅವನು ಕೇಳಿದ. ತಸ್ನೀಮ್ ತನ್ನ ಪರದೆಯಲ್ಲಿ ಹೆಸರುಗಳ ಒಂದು ಪಟ್ಟಿ ತೆರೆದಳು. ನಾನೂರು ತರಗತಿಗಳಲ್ಲಿ ಕಲಿಯುವವರನ್ನು ರೇಖಾ ಅಳೆದು ಅಂಕ ಕೊಟ್ಟಿತ್ತು. ಕೈ ನಡುಗದವನು, ಕಣ್ಣಳತೆ ತಪ್ಪದವನು, ಕುಗ್ಗುವಿಕೆ ಅರಿತವನು, ಹೀಗೆ. ಅಂಕ ಹೆಚ್ಚಿದವರ ಗೆರೆಗೆ ಬೆಲೆ ಹೆಚ್ಚು. ಅವರು ಎಚ್ಚರಿಕೆಯನ್ನು ಪದೇ ಪದೇ ಸರಿಸಿದರೆ ಎಚ್ಚರಿಕೆಯೇ ತಪ್ಪಿರಬೇಕು ಎಂದು ರೇಖಾ ತಿಳಿಯುತ್ತಿತ್ತು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬೆಳಗಾವಿಯ ಮೌನೇಶ ಬಡಿಗೇರನ ಹೆಸರಿತ್ತು. ಅವನು ಒಬ್ಬ ಕಚ್ಚಾ ಕೆಲಸಗಾರನಾಗಿದ್ದರೆ ಅವನ ಚೂಪು ಮೂಲೆಯನ್ನು ಯಾರೂ ಕೇಳುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ಎಲ್ಲರಿಗಿಂತ ಮೇಲೆ ಕೂರಿಸಿದ್ದರು, ಅದೂ ಇದಕ್ಕೆ.

ತಸ್ನೀಮ್ ಕರೆ ಮಾಡಿದ ಮೇಲೆ, ರೇಖಾ ಮಾಡಿದ ಕಂಪನಿಯ ಪುಣೆಯ ಅಧಿಕಾರಿ ಪರದೆಯ ಮೇಲೆ ಬಂದ. ಕನ್ನಡಕ ಹಾಕಿದ, ಸಭ್ಯ ಮುಖದ ಮನುಷ್ಯ. ಅವನ ತುಟಿ ಬೇರೆ ಭಾಷೆ ಆಡುತ್ತಿತ್ತು, ಕಿವಿಗೆ ಮಾತ್ರ ಉದ್ಯಮಬಾಗದ ಕನ್ನಡ ಬೀಳುತ್ತಿತ್ತು. ರೇಖಾ ಅನುವಾದಿಸುತ್ತಿತ್ತು. ಮೌನೇಶ ತರಗತಿಯಲ್ಲಿ ಗೊಣಗುವ ಧಾಟಿಯಲ್ಲೇ ಅದು ಅಧಿಕಾರಿಯ ಮಾತನ್ನು ಹೇಳುತ್ತಿತ್ತು.

"ಮಿಸ್ತ್ರಿ, ರೇಖಾ ತಪ್ಪ ಮಾಡಾಂಗಿಲ್ಲ. ಬಲದ ಲೆಕ್ಕ ಹಾಕೇ ಹೊರಗ ಬಿಟ್ಟಿರತೈತಿ."

ಮೌನೇಶ ಬ್ರಾಕೆಟ್ಟನ್ನು ಮೇಜಿನ ಅಂಚಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದು, ಸುತ್ತಿಗೆಯಿಂದ ಬಲಗಡೆಯಿಂದ ಹತ್ತು ಏಟು ಹೊಡೆದ. ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಮೂಲೆ ಬಾಯಿ ತೆರೆಯುವಂತೆ ಇನ್ನೊಂದು ಕಡೆಯಿಂದ ಹೊಡೆದ. ಮೂರನೆಯ ಏಟಿಗೆ ಪಟ್ಟಿ ಕಿತ್ತು ನೆಲಕ್ಕೆ ಬಿತ್ತು. ಒಡೆದ ಜಾಗದ ಅರ್ಧ ಹೊಸ ಬೆಳ್ಳಗಿತ್ತು, ಇನ್ನರ್ಧ ಕಪ್ಪು. ಕಪ್ಪೆಂದರೆ ಎರಕದ ದಿನವೇ ಹರಿದಿತ್ತು ಎಂದರ್ಥ. ಅವನು ಅದನ್ನು ಕ್ಯಾಮರಾದ ಮುಂದೆ ಹಿಡಿದ.

ಪುಣೆಯವನು ಕನ್ನಡಕ ತೆಗೆದು ಒಡೆದ ಜಾಗವನ್ನು ಹತ್ತಿರದಿಂದ ನೋಡಿದ. ಆಮೇಲೆ ಹೇಳಿದ: ಆರುನೂರ ನಲವತ್ತು ವ್ಯಾನುಗಳನ್ನು ಇವತ್ತೇ ನಿಲ್ಲಿಸುತ್ತೇವೆ. ಮೌನೇಶ ಬೇಕೆಂದೇ ಮಾಡಿದ್ದಾಗಿ ಬರೆದುಕೊಡಬೇಕು, ಪ್ರಮಾಣಪತ್ರ ಸಿಗುವುದಿಲ್ಲ. ಇನ್ನೂ ಒಂದು ಸಂಗತಿ ಇತ್ತು.

"ರೇಖಾನೊಳಗಿಂದ ನಿಮ್ಮ ಗೆರಿ ಅಷ್ಟ ಆರಿಸಿ ತಗಿಯಾಕ ಬರಾಂಗಿಲ್ಲ. ಎಲ್ಲಾ ಕೂಡಿಬಿಟ್ಟೈತಿ. ಬ್ಯಾರೆ ಯಾರು ಸರಿ ಬರದ್ರೂ ಅವರಿಗೆ ಅಷ್ಟು ಬೆಲಿ ಇಲ್ಲ. ನೀವಽ ಕುಂತು, ನಿಮ್ಮ ಖರೇ ಕೈಲೆ, ತಪ್ಪಿಗಿಂತ ಹೆಚ್ಚು ಸಲ ಸರಿ ಬರೀಬೇಕು."

"ನನ್ನ ಖರೇ ಕೈ ಅಂದ್ರ?"

"ನೀವು ಇನ್ನೂ ತೋರಿಸಿಲ್ಲದ್ದು" ಎಂದಿತು ಧ್ವನಿ.

ಆ ಮಾತಿಗೆ ಪುಣೆಯವನ ತುಟಿ ಅಲುಗಿತ್ತೇ? ಮೌನೇಶನಿಗೆ ಖಾತ್ರಿಯಾಗಲಿಲ್ಲ. ತಸ್ನೀಮಳನ್ನು ಕೇಳಿದ. ಅವಳು ಒಡೆದ ತುಂಡನ್ನೇ ನೋಡುತ್ತಿದ್ದಳಂತೆ.

ಚಂಪಾವತಿಯ ವ್ಯಾನು ಓಣಿಯ ತುದಿಯಲ್ಲಿ ನಿಂತಿತು. ಮಕ್ಕಳ ತಾಯಂದಿರು ಸ್ಕೂಟರಿನಲ್ಲಿ ಇಬ್ಬಿಬ್ಬರನ್ನು ಮೂವರನ್ನು ಕೂರಿಸಿಕೊಂಡು ಶಾಲೆಗೆ ಓಡಿದರು. ಯಾಕೆ ನಿಂತಿತು ಎಂದು ಕೇಳಿದವರಿಗೆ ಅವಳು, ಬ್ರೇಕು ನೋಡಬೇಕಂತೆ, ಎಂದಷ್ಟೇ ಹೇಳಿದಳು. ಗಂಡನ ಹೆಸರು ಎತ್ತಲಿಲ್ಲ. ಅವಳು ಹಾಗೆ ಸುಳ್ಳಿಗೂ ನಿಜಕ್ಕೂ ನಡುವೆ ನಿಂತದ್ದು ಮೌನೇಶನಿಗೆ ಬಯ್ಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

"ಇದೂ ನಾಟಕ ಇರಬೌದು" ಎಂದ ಅವನು ಮಧ್ಯಾಹ್ನ. "ಅಳಿಸಾಕ ಬರಾಂಗಿಲ್ಲ ಅಂತ ಹೇಳಿದಾಂವ ಖರೇನ ಆ ಸಾಹೇಬನೋ, ಅದಽ ಅವನ ಬಾಯಿಲೆ ಹೇಳಿತೋ. ಅಪ್ಪನ ವಾಲು ಒಂದ ಉಳಿದಿತ್ತು. ಅದನ್ನ ಕಸಗೊಳ್ಳಾಕ ಹಿಂಗ ಮಾಡಿದ್ರ?"

ಚಂಪಾವತಿ ಅವನ ಮುಂದೆ ಕೂತಳು.

"ನಾಟಕ ಇದ್ರ ನಿಮ್ಮಪ್ಪನ ವಾಲು ಹೋಗತೈತಿ. ನಾಟಕ ಇರಲಿಲ್ಲ ಅಂದ್ರ ಏನ ಹೋಗತೈತಿ, ಅದನ್ನ ಹೇಳ್ರಿ."

ಇಪ್ಪತ್ತೆರಡು ಮಕ್ಕಳಲ್ಲಿ ಅವನಿಗೆ ಹೆಸರು ಗೊತ್ತಿದ್ದದ್ದು ಮೂವರದು. ಆ ಮೂರು ಹೆಸರನ್ನು ಅವನು ಒಂದೊಂದಾಗಿ ಹೇಳಿದ.

ಮರುದಿನದಿಂದ ಒಂಬತ್ತು ದಿನ ಅವನು ಬರೆದ. ತರಗತಿಯ ಉಳಿದವರನ್ನು ಕೆಳಗಿನ ಕೋಣೆಗೆ ಕಳಿಸಿದ್ದರು. ಮೇಲಿನ ಕೋಣೆಯಲ್ಲಿ ಅವನು, ತಸ್ನೀಮ್, ರೇಖಾ, ಇಷ್ಟೇ. ಮೊದಲ ದಿನ ಅವನ ಕೈ ಪುಸ್ತಕದ ಸಮ ಗುಂಡನ್ನೇ ಬರೆಯಿತು. ಹೆಬ್ಬೆರಳು ಒಪ್ಪಲಿಲ್ಲ. ಮೇಣದ ಮೇಲೆ ಒತ್ತಿದಾಗ ತಾನಾಗಿ ಬರುವ ವಾಲು ಗಾಜಿನ ಮೇಲೆ ಬಾರದು. ಕೊನೆಗೆ ಮನೆಯಿಂದ ಮೇಣದ ಉಂಡೆ ತಂದು, ಎರಡು ಮರದ ತುಂಡುಗಳ ನಡುವೆ ಒತ್ತಿ, ಬಂದ ವಾಲನ್ನು ನೋಡಿಕೊಂಡು ಪರದೆಯ ಮೇಲೆ ಎಳೆದ. ಮತ್ತೆ ಒತ್ತಿದ, ಮತ್ತೆ ಎಳೆದ. ದಪ್ಪ ಗೋಡೆಗೆ ಇಷ್ಟು, ಅದಕ್ಕಿಂತ ದಪ್ಪಕ್ಕೆ ಇಷ್ಟು. ಮೂವತ್ತೈದು ವರ್ಷ ಬಾಯಿ ಬಿಡದವನು ತಾನಾಗಿ ತಸ್ನೀಮಳಿಗೆ ವಿವರಿಸಲೂ ತೊಡಗಿದ.

"ಇಲ್ಲಿ ಒತ್ತಿ ನೋಡ್ರಿ. ಕಬ್ಬಿಣ ದಪ್ಪಿದ್ದಲ್ಲಿ ತಡಾ ಮಾಡಿ ಆರತೈತಿ. ಅದರ ಕಡೆ ಒಂದ ಎಳಿ ಹೆಚ್ಚು ಕೊಡಬೇಕು."

ತಸ್ನೀಮ್ ಒತ್ತಿ ನೋಡಿದಳು. ಅವಳ ಹೆಬ್ಬೆರಳಿಗೆ ಅದು ತಕ್ಷಣ ಬಂತು. ಇಷ್ಟು ಸುಲಭವಾಗಿ ಬೇರೆಯವರಿಗೆ ಬರುವ ವಿದ್ಯೆಯೇ ಇದು ಎಂದು ಮೌನೇಶನಿಗೆ ಒಂದು ಗಳಿಗೆ ಖೇದವಾಯಿತು, ಒಂದು ಗಳಿಗೆ ಹಗುರವೂ ಆಯಿತು.

ರೇಖಾ ಏನೂ ಕೇಳಲಿಲ್ಲ. ಒಂದೊಂದು ಗೆರೆಗೂ ಒಂದು ಕ್ಷಣ ತಡೆದು ಮುಂದಿನ ಹಾಳೆ ಬಿಡಿಸುತ್ತಿತ್ತು. ಆರನೆಯ ದಿನವೂ ತಿಳಿನೀಲಿಯಲ್ಲಿ ಎಡಗಡೆಯ ಚೂಪು ಮೂಡಿತು. ಏಳನೆಯ ದಿನ ಚೂಪೂ ಇಲ್ಲ, ಗುಂಡೂ ಇಲ್ಲ, ಮೂಲೆ ಖಾಲಿ. ಒಂಬತ್ತನೆಯ ದಿನ ಮಧ್ಯಾಹ್ನ ಅವನು ಪೆನ್ನು ಎತ್ತಿದ್ದ, ಇನ್ನೂ ಇಳಿಸಿರಲಿಲ್ಲ. ಮೂಲೆಯಲ್ಲಿ ಅಪ್ಪನ ವಾಲು ಮೂಡಿತು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಇನ್ನೊಂದು ಹಾಳೆ ಬಿಡಿಸಿ ತಾನು ಎಂದೂ ಬರೆಯದ ಗೋಡೆಯ ದಪ್ಪ ಕೊಟ್ಟು ಪರೀಕ್ಷಿಸಿದ. ಅಲ್ಲೂ ಸರಿಯಾಗಿ ಬಂತು. ಅಪ್ಪ ಬದುಕಿದ್ದರೆ ಹಾಗೆಯೇ ಮಾಡುತ್ತಿದ್ದ.

"ಪಾಠ ಮುಗಿಯಿತು" ಎಂದು ಅಕ್ಷರಗಳು ಮೂಡಿದವು. "ಧನ್ಯವಾದಗಳು."

ಹೊಸ ಬ್ರಾಕೆಟ್ಟುಗಳು ಎಂಟು ದಿನಕ್ಕೆ ಬಂದವು. ಓಣಿಯ ತುದಿಯಲ್ಲಿ ನಿಂತಿದ್ದ ವ್ಯಾನಿಗೂ ಒಂದು ಬಂತು. ಕಂಪನಿಯ ಮೆಕ್ಯಾನಿಕ್ಕುಗಳು ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಚಂಪಾವತಿ ಓಣಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಳು. ಚಾಲಕನಿಗೆ ಒಂದು ನಿಮಿಷ ಇಳಿಯಲು ಹೇಳಿ ಮೌನೇಶ ಬ್ರೇಕಿನ ಬುಡಕ್ಕೆ ತಲೆ ತೂರಿಸಿದ. ಬೆಳಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೆಬ್ಬೆರಳನ್ನು ಬಲಗಡೆ ಇಟ್ಟ, ಎಡಗಡೆ ಇಟ್ಟ. ಎರಡು ಕಡೆಯೂ ಗುಂಡಗಿತ್ತು, ಎರಡು ಕಡೆಯೂ ದಪ್ಪದ ಕಡೆ ವಾಲಿತ್ತು. ತಾನೇ ಮೇಣ ತುಂಬಿದಂತಿತ್ತು. ಆದರೆ ತಾನು ಅದನ್ನು ಮುಟ್ಟುತ್ತಿದ್ದದ್ದು ಇದೇ ಮೊದಲು.

"ಸರಿ ಐತೇನ್ರಿ?" ಎಂದು ಚಂಪಾವತಿ ಹೊರಗಿನಿಂದ ಕೇಳಿದಳು.

ಅವನು ಹೊರಗೆ ಬಂದು ಕೈ ಒರೆಸಿಕೊಂಡ. ಬೆರಳು ಸರಿ ಎನ್ನುತ್ತಿತ್ತು. ಆದರೆ ಅವನು ಮುಟ್ಟಿ ನೋಡಿದ್ದು ಆ ಎರಡು ಮೂಲೆಗಳನ್ನಷ್ಟೇ. ಆ ತುಂಡಿನ ಉಳಿದದ್ದನ್ನು ಯಾರು ಬರೆದರು, ಯಾರಿಂದ ಕಲಿತು ಬರೆದರು, ಆ ಕಲಿಸಿದವನ ಮನಸ್ಸಿನಲ್ಲಿ ಏನಿತ್ತು, ಇದನ್ನೆಲ್ಲ ಯಾವ ಹೆಬ್ಬೆರಳು ಹೇಳೀತು? ನಾನೂರು ತರಗತಿಗಳಲ್ಲಿ ತನ್ನಂಥ ಅನುಮಾನದ ಮನುಷ್ಯ ತಾನೊಬ್ಬನೇ ಎಂದು ನಂಬುವುದು ಹೇಗೆ?

ಚಂಪಾವತಿ ಉತ್ತರಕ್ಕೆ ಕಾಯುತ್ತಿದ್ದಳು. ಮಕ್ಕಳೂ ಕಾಯುತ್ತಿದ್ದರು.

"ಹತ್ತಸು" ಎಂದ ಮೌನೇಶ. "ನಾನೂ ಬರತೀನಿ."

ಹಿಂದಿನ ಸೀಟು ಮಕ್ಕಳ ಅಳತೆಯದು. ಮೊಣಕಾಲನ್ನು ಎದೆಗೆ ತಾಗಿಸಿಕೊಂಡು, ಇಬ್ಬರು ಹುಡುಗಿಯರ ನಡುವೆ ಅವನು ಕೂತ. ವ್ಯಾನು ಸದ್ದಿಲ್ಲದೆ ಹೊರಟು, ಓಣಿ ದಾಟಿ, ಮೂರನೇ ರೈಲ್ವೆ ಗೇಟಿನ ಮೇಲ್ಸೇತುವೆ ಏರಿ ಆಚೆ ಇಳಿಯತೊಡಗಿತು. ಇಳಿಜಾರಿನ ಕೆಳಗೆ ಒಂದು ಲಾರಿ ಅಡ್ಡ ಬಂತು. ಚಾಲಕ ಬ್ರೇಕ್ ಒತ್ತಿದ. ಮೌನೇಶನ ಬಲಗಾಲೂ ತಗಡಿನ ನೆಲವನ್ನು ಬಲವಾಗಿ ಒತ್ತಿತು.

ವ್ಯಾನು ನಿಂತಿತು. ಪಕ್ಕದ ಹುಡುಗಿ ಅವನ ಕಾಲನ್ನೇ ನೋಡುತ್ತಿದ್ದಳು.

ಲಾರಿ ದಾಟಿಹೋಯಿತು. ಅವನು ಕಾಲನ್ನು ಸಡಿಲ ಬಿಡಲಿಲ್ಲ. ಶಾಲೆ ಬರುವ ಮೊದಲು ವ್ಯಾನು ಇನ್ನೂ ಹನ್ನೊಂದು ಕಡೆ ನಿಲ್ಲಬೇಕಿತ್ತು.